ಬೀಜ ಮೊಳೆಯದಿದ್ದರೆ ಸುಮ್ಮನಿರಬೇಕಾ? ಕೋರ್ಟ್ ತೀರ್ಪನ್ನು ಮೊಬೈಲಿನಲ್ಲೇ ಹುಡುಕಿ ಓದುವುದು ಹೇಗೆ

ನಮ್ಮ ಕತ್ತಲಗೆರೆ, ಬಸವಾಪಟ್ಟಣ ಕಡೆ ಮೆಕ್ಕೆಜೋಳ ಬಿತ್ತಿದ ಮೇಲೆ ಸಾಲಿನಲ್ಲಿ ಅರ್ಧಕ್ಕರ್ಧ ಕಾಳು ಏಳದಿದ್ದರೆ ರೈತ ಮೊದಲು ಹೋಗೋದು ಬೀಜ ಕೊಟ್ಟ ಅಂಗಡಿಗೆ. ಅಲ್ಲಿ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಒಂದು, "ಮಳೆ ಸರಿಯಾಗಲಿಲ್ಲ, ಬೀಜದ್ದೇನೂ ತಪ್ಪಿಲ್ಲ." ಎರಡು, "ಅದೇ ಬೀಜದ ಲ್ಯಾಬ್ ರಿಪೋರ್ಟ್ ತಗೊಂಡು ಬನ್ನಿ." ಮೂರು, "ನೀವು ವ್ಯವಸಾಯ ಮಾಡೋದು ಲಾಭಕ್ಕೆ, ಗ್ರಾಹಕ ಕೋರ್ಟಿಗೆ ಇದು ಬರಲ್ಲ."

ಎರಡನೇ ಮತ್ತು ಮೂರನೇ ಮಾತಿಗೆ ಸುಪ್ರೀಂ ಕೋರ್ಟ್ 2012ರಲ್ಲೇ ಉತ್ತರ ಕೊಟ್ಟಿದೆ. ಆ ತೀರ್ಪನ್ನು ಒಂದು ರೂಪಾಯಿ ಖರ್ಚಿಲ್ಲದೆ ನಿಮ್ಮ ಫೋನಿನಲ್ಲೇ ಓದಬಹುದು. ಹೇಗೆ ಅಂತ ಈ ವಾರ ನೋಡೋಣ.

ಇಂಡಿಯನ್ ಕಾನೂನ್ ಅಂದರೇನು?

ಇದು 2008ರಲ್ಲಿ ಸುಶಾಂತ್ ಸಿನ್ಹಾ ಎಂಬ ಕಂಪ್ಯೂಟರ್ ತಜ್ಞರು ಶುರು ಮಾಡಿದ ಜಾಲತಾಣ. ಸುಪ್ರೀಂ ಕೋರ್ಟ್, ಹೈಕೋರ್ಟ್‌ಗಳು ಮತ್ತು ಗ್ರಾಹಕ ಆಯೋಗಗಳ ತೀರ್ಪುಗಳು, ಕಾಯ್ದೆಗಳ ಪಠ್ಯ ಎಲ್ಲ ಒಂದೇ ಕಡೆ ಸಿಗುತ್ತವೆ. ಹುಡುಕೋಕೆ, ಓದೋಕೆ ದುಡ್ಡು ಕೊಡಬೇಕಿಲ್ಲ. ಒಂದೇ ತೊಡಕು ಅಂದರೆ ಹೆಚ್ಚಿನದೆಲ್ಲ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಹುಡುಕುವ ಕ್ರಮ

1. ಗೂಗಲ್‌ನಲ್ಲಿ "ಇಂಡಿಯನ್ ಕಾನೂನ್" ಅಂತ ಹಾಕಿ ಜಾಲತಾಣ ತೆರೆಯಿರಿ. ನಡುವೆ ಒಂದು ಹುಡುಕುವ ಪೆಟ್ಟಿಗೆ ಇರುತ್ತದೆ.

2. ನಿಮ್ಮ ಕಥೆಯನ್ನೆಲ್ಲ ಬರೆಯಬೇಡಿ. ತೀರ್ಪಿನಲ್ಲಿ ಬರುವಂಥ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ: ಡಿಫೆಕ್ಟಿವ್ ಸೀಡ್ಸ್, ಜರ್ಮಿನೇಷನ್, ಮೇಝ್, ಕನ್ಸ್ಯೂಮರ್. ಎರಡು ಮೂರು ಪದ ಸಾಕು.

3. ಎರಡು ಪದ ಜೊತೆಯಲ್ಲೇ ಬರಬೇಕು ಅಂತಿದ್ದರೆ ಆಚೆ ಈಚೆ ಉದ್ಧರಣ ಚಿಹ್ನೆ ಹಾಕಿ. "ಡಿಫೆಕ್ಟಿವ್ ಸೀಡ್ಸ್" ಅಂತ ಚಿಹ್ನೆಯೊಳಗೆ ಹಾಕಿದರೆ ಸಂಬಂಧವಿಲ್ಲದ ಕೇಸುಗಳು ಬಹಳಷ್ಟು ಕಡಿಮೆಯಾಗುತ್ತವೆ.

4. ಮೊದಲು ಸುಪ್ರೀಂ ಕೋರ್ಟ್ ತೀರ್ಪು ನೋಡಿ, ಆಮೇಲೆ ರಾಷ್ಟ್ರೀಯ ಮತ್ತು ರಾಜ್ಯ ಗ್ರಾಹಕ ಆಯೋಗದ್ದು. ಮೇಲಿನ ಕೋರ್ಟ್ ಹೇಳಿದ್ದನ್ನು ಕೆಳಗಿನವು ಪಾಲಿಸಬೇಕು.

5. ತೀರ್ಪು ತೆರೆದರೆ ಅದರ ಹತ್ತಿರ "ಸೈಟೆಡ್ ಬೈ" ಅಂತ ಕಾಣುತ್ತದೆ. ಈ ತೀರ್ಪನ್ನು ಮುಂದೆ ಯಾವ ಯಾವ ಕೇಸಿನಲ್ಲಿ ಬಳಸಿದ್ದಾರೆ ಅನ್ನೋ ಪಟ್ಟಿ ಅದು. ತೀರ್ಪು ಇನ್ನೂ ನಡೆಯುತ್ತಿದೆಯಾ, ಯಾರಾದರೂ ಅದನ್ನು ಬದಿಗಿಟ್ಟಿದ್ದಾರಾ ಅಂತ ಇಲ್ಲೇ ಸುಳಿವು ಸಿಗೋದು.

ರೈತರ ಪರವಾದ ತೀರ್ಪು

ಮೇಲಿನಂತೆ ಹುಡುಕಿದರೆ ಸಿಗುವ ಮುಖ್ಯ ಕೇಸು "ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ವಿರುದ್ಧ ಎಂ. ಮಧುಸೂದನ ರೆಡ್ಡಿ", 16 ಜನವರಿ 2012. ಆಂಧ್ರದ ರೈತರು ನಿಗಮದಿಂದ ಬೀಜ ತಗೊಂಡಿದ್ದರು, ಬೆಳೆ ಕೈಕೊಟ್ಟಿತು. ನಿಗಮದ ವಾದ ಮುಖ್ಯವಾಗಿ ಮೂರು: ಬೀಜಕ್ಕೆ 1966ರ ಬೀಜ ಕಾಯ್ದೆ ಬೇರೆಯೇ ಇದೆ, ರೈತ ಗ್ರಾಹಕನಲ್ಲ, ಬೀಜವನ್ನು ಲ್ಯಾಬಿಗೆ ಕಳಿಸಿಲ್ಲ.

ಮೂರನ್ನೂ ಕೋರ್ಟ್ ಒಪ್ಪಲಿಲ್ಲ. ಬೀಜ ಕಾಯ್ದೆ ಇದ್ದರೂ ಗ್ರಾಹಕ ವೇದಿಕೆಗೆ ಹೋಗುವ ಹಕ್ಕು ಹೆಚ್ಚುವರಿಯಾಗಿ ಇದ್ದೇ ಇದೆ. ಬೀಜ ಕೊಂಡ ರೈತ ಗ್ರಾಹಕನೇ. ಇನ್ನು ಲ್ಯಾಬ್ ವಿಷಯ: ರೈತ ತಂದ ಬೀಜವನ್ನೆಲ್ಲ ಬಿತ್ತುತ್ತಾನೆ, ಮುಂದೆ ಪರೀಕ್ಷೆಗೆ ಬೇಕಾದೀತು ಅಂತ ತೆಗೆದಿಡುವವನಲ್ಲ. 1968ರ ಬೀಜ ನಿಯಮ 13(3) ನೋಡಿ: ಅಧಿಸೂಚಿತ ತಳಿಯ ಬೀಜ ಮಾರುವವರು ಪ್ರತಿ ಲಾಟಿನ ದಾಖಲೆಯನ್ನು 3 ವರ್ಷ ಇಡಬೇಕು, ಮಾದರಿಯನ್ನು ಲಾಟ್ ಪೂರ್ತಿ ಮಾರಾಟವಾಗಿ 1 ವರ್ಷದವರೆಗೆ ಬಿಸಾಡುವಂತಿಲ್ಲ.

ವಿರುದ್ಧದ ತೀರ್ಪನ್ನೂ ಓದಿ

ಇಷ್ಟಕ್ಕೇ ಖುಷಿಯಾಗಿ ಫೋನ್ ಮುಚ್ಚಬೇಡಿ. "ಹರಿಯಾಣ ಸೀಡ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ವಿರುದ್ಧ ಸಾಧು", 2005, ಇದೂ ಸುಪ್ರೀಂ ಕೋರ್ಟಿನದೇ. ಬೆಳೆಯಲ್ಲಿ ಏರುಪೇರಾಯಿತು ಅಂದ ಮಾತ್ರಕ್ಕೆ ಬೀಜವೇ ಕಳಪೆ ಅಂತ ಆಗುವುದಿಲ್ಲ ಅನ್ನುವುದಕ್ಕೆ ಬೀಜ ಕಂಪನಿಗಳ ವಕೀಲರು ಇದನ್ನು ಮುಂದಿಡುತ್ತಾರೆ. ಅಂಗಡಿಯವರ ಮೊದಲ ಮಾತಿಗೆ, ಅಂದರೆ "ಮಳೆ ಸರಿಯಿಲ್ಲ" ಅನ್ನೋದಕ್ಕೆ, ಬಲ ಸಿಗೋದು ಇಲ್ಲಿಂದ. ಎರಡೂ ತೀರ್ಪು ಒಟ್ಟಿಗೆ ಓದಿದರೆ ತಿಳಿಯುವುದು ಇಷ್ಟು: ಲ್ಯಾಬ್ ರಿಪೋರ್ಟ್ ಇಲ್ಲದಿದ್ದರೂ ಕೇಸು ನಿಲ್ಲಬಹುದು, ಆದರೆ "ತೊಂದರೆ ಬೀಜದ್ದೇ" ಅಂತ ಹೇಳುವ ತಜ್ಞರ ವರದಿ ಇರಲೇಬೇಕು.

ಹಾಗಾಗಿ ಹೊಲ ಹರಗಿ ಮರುಬಿತ್ತನೆ ಮಾಡುವ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ವಿಜ್ಞಾನಿಗಳನ್ನು ಕರೆಸಿ ಹೊಲ ನೋಡಿಸಿ ಅಂತ ದೂರಿನಲ್ಲೇ ಕೇಳಿ. ನಮಗೆ ಕತ್ತಲಗೆರೆ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇದೆ. ಅಂಗಡಿಯವರಿಗೂ ಕಂಪನಿಗೂ ದಿನಾಂಕ ತಿಳಿಸಿ. ವರದಿಯಲ್ಲಿ ಬರೀ "ಮೊಳಕೆ ಕಡಿಮೆ" ಅಂತಿದ್ದರೆ ಸಾಲದು, ಕಾರಣ ಬರೆದಿರಬೇಕು. ಪಕ್ಕದ ಹೊಲದಲ್ಲಿ ಅದೇ ದಿನ ಬಿತ್ತಿದ ಬೇರೆ ಲಾಟಿನ ಬೀಜ ಚೆನ್ನಾಗಿ ಎದ್ದಿದ್ದರೆ ಅದನ್ನೂ ತೋರಿಸಿ, ವರದಿಯಲ್ಲಿ ಬರೆಸಿ.

ಓದುವಾಗ ಎಡವುವ ಜಾಗಗಳು

ಕಡೆಯ ಸಾಲಿನಲ್ಲಿ "ಅಪೀಲ್ ಡಿಸ್ಮಿಸ್ಡ್" ಅಂತಿದ್ದರೆ ರೈತ ಸೋತ ಅಂತ ತಿಳಿಯಬೇಡಿ. ಅಪೀಲು ಹಾಕಿದವರು ಯಾರು ನೋಡಿ. 2012ರ ಕೇಸಿನಲ್ಲಿ ಅಪೀಲು ಹಾಕಿದ್ದು ನಿಗಮ. ಅದು ವಜಾ ಆಯಿತು ಅಂದರೆ ರೈತರು ಗೆದ್ದರು. ಮೊಬೈಲಿನ ಅನುವಾದ ಇಂಥ ಕಡೆ ದಾರಿ ತಪ್ಪಿಸಬಹುದು.

ಇನ್ನೊಂದು, ಆ ತೀರ್ಪು ಬಂದದ್ದು 1986ರ ಗ್ರಾಹಕ ಕಾಯ್ದೆಯ ಕಾಲದಲ್ಲಿ. ಈಗಿರುವುದು 2019ರ ಕಾಯ್ದೆ, ಜಾರಿಯಾದದ್ದು ಜುಲೈ 2020ರಲ್ಲಿ. ಹಳೆಯ ಸೆಕ್ಷನ್ 3 ಈಗ 100, ಮಾದರಿ ಪರೀಕ್ಷೆಯ 13(1)(ಸಿ) ಈಗ 38(2)(ಸಿ). ಅರ್ಜಿಯಲ್ಲಿ ಹೊಸ ಸಂಖ್ಯೆಗಳನ್ನೇ ಬರೆಯಬೇಕು. ಹೊಸ ಕಾಯ್ದೆಯಿಂದ ಅನುಕೂಲವೂ ಇದೆ: ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಕೊಂಡ ಬೀಜದ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾಲಮಿತಿ 2 ವರ್ಷ.

ವಕೀಲರು ಬೇಡವಾ?

ಬೇಕು. ನಾನು ತೋಟಗಾರಿಕೆ ಓದಿದವನು, ಕಾನೂನು ಓದಿದವನಲ್ಲ. ತೀರ್ಪು ಓದಿಕೊಂಡು ಹೋದರೆ ವಕೀಲರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು, ಅಂಗಡಿಯವರು ಹೇಳಿದ್ದನ್ನೆಲ್ಲ ನಂಬಿ ವಾಪಸ್ ಬರೋದು ತಪ್ಪುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಕಡಿಮೆ ಇರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಸಹಾಯವಾಣಿ 15100. ಗ್ರಾಹಕ ಸಹಾಯವಾಣಿ 1915.

ಇಷ್ಟೆಲ್ಲಕ್ಕೂ ಬುಡ ಒಂದೇ. ಬೀಜ ತರುವಾಗ ಲಾಟ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಖಾಲಿ ಚೀಲ, ಅದರ ಮೇಲಿನ ಚೀಟಿ ಬಿಸಾಡಬೇಡಿ, ಬೆಳೆ ಮನೆಗೆ ಬರೋ ತನಕ ಬಿಲ್ಲಿನ ಜೊತೆಗೇ ಕಟ್ಟಿಡಿ. ಸಾಧ್ಯವಾದರೆ ಪ್ರತಿ ಚೀಲದಿಂದ ಒಂದು ಹಿಡಿ ಕಾಳನ್ನೂ ತೆಗೆದಿಡಿ.