ಮುದಿ ಮೋಟಾರಿನ ಎಳೆಯ ಪ್ರಯಾಣಿಕ

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿರುವ ಮೋಟಾರು ಗಾಡಿಯೊಂದು ಮರಕ್ಕೆ ಢಿಕ್ಕಿ ಹೊಡೆದು, ತನ್ನ ಮೂತಿಯನ್ನು ಅರ್ಧ ಮೀಟರಿನಷ್ಟು ಜಜ್ಜಿಸಿಕೊಂಡು ನಿಂತುಬಿಟ್ಟಿತೆಂದರೆ, ಅದರೊಳಗಿರುವ ಹತ್ತು ಕಿಲೋ ತೂಕದ ಕೂಸನ್ನು ಅಷ್ಟೇ ಅಂತರದಲ್ಲಿ ತಡೆದು ನಿಲ್ಲಿಸುವುದಕ್ಕೆ ಸುಮಾರು 200 ಕಿಲೋ ಭಾರವನ್ನು ಎತ್ತಿಹಿಡಿಯುವಷ್ಟು ಬಲ ಬೇಕಾಗುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಅಪ್ಪಿಕೊಂಡಿದ್ದರೆ ಸಾಕೆಂಬ ನಮ್ಮ ಮನೆಗಳ ನಂಬಿಕೆಯಲ್ಲಿ ವಾತ್ಸಲ್ಯವಿದೆಯೇ ಹೊರತು ಗಣಿತವಿಲ್ಲ.

ಕೂಸನ್ನು ಮಗುವಿನ ಆಸನದಲ್ಲಿ ಕಟ್ಟಿ ಕೂರಿಸಿದಾಗ ಆ ಬಲವು ಕೂಸಿನ ಮೈಯಿಂದ ಪಟ್ಟಿಗೆ, ಪಟ್ಟಿಯಿಂದ ಆಸನಕ್ಕೆ, ಆಸನದಿಂದ ಗಾಡಿಯ ಬೆಲ್ಟಿಗೆ, ಬೆಲ್ಟಿನ ಬೋಲ್ಟಿನಿಂದ ಗಾಡಿಯ ತಗಡಿಗೆ ಸಾಗಿಹೋಗಬೇಕು. ಈ ಮಾರ್ಗದಲ್ಲಿ ಎಲ್ಲಿಯಾದರೂ ಒಂದೆಡೆ ಕಿತ್ತುಬಂದರೆ ಉಳಿದುದೆಲ್ಲವೂ ವ್ಯರ್ಥ. ಆದಕಾರಣ ಹಳೆಯ ಅಂಬಾಸಿಡರ್ ಕಾರಿಗೆ ಮಗುವಿನ ಆಸನವನ್ನು ಕೊಳ್ಳಹೊರಟವರು ಅಂಗಡಿಗೆ ಹೋಗುವ ಮುನ್ನ ತಮ್ಮ ಗಾಡಿಯ ಮ್ಯಾಟಿನಡಿಯನ್ನು ನೋಡತಕ್ಕದ್ದೆಂದು ನನ್ನ ಅಭಿಪ್ರಾಯ. ಆ ಗಾಡಿಗೆ ಪ್ರತ್ಯೇಕ ಚಾಸಿಯಿಲ್ಲ. ಬಾಡಿಯೇ ಅದರ ಅಸ್ಥಿಪಂಜರ. ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಕುಟ್ಟುತ್ತ ಹೋದರೆ ಆರೋಗ್ಯವಂತ ತಗಡು ಟಣ್ಣೆನ್ನುತ್ತದೆ. ಮಳೆನೀರು ನಿಂತು ತುಕ್ಕು ತಿಂದದ್ದು ಮಂದವಾಗಿ ಸದ್ದುಮಾಡಿ, ಚೂಪು ತುದಿಯಿಂದ ಒತ್ತಿದೊಡನೆ ಕುಸಿದು, ಕಂದು ಹೊಟ್ಟನ್ನುದುರಿಸುತ್ತದೆ. ಅಂತಹ ನೆಲದಲ್ಲಿ ಎಂತಹ ಬೋಲ್ಟೂ ನಿಲ್ಲದು.

ತಗಡು ಗಟ್ಟಿಯಿದ್ದರೆ, 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೊಲಿನ್ ರೂಪಿಸಿದ, ಹೆಗಲನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು ಹಿಂದಿನ ಸೀಟಿಗೂ ಜೋಡಿಸಬಹುದು. ಬೋಲ್ಟು ತಗಡಿನ ತೂತಿನಲ್ಲಿ ಬರಿದೆ ಕೂತರೆ ಎಳೆತಕ್ಕೆ ಹರಿದುಬರುವುದರಿಂದ, ಹಿಂಬದಿಯಲ್ಲಿ ದಪ್ಪ ಉಕ್ಕಿನ ಪಟ್ಟಿಯನ್ನಿಟ್ಟು ಬಲವನ್ನು ಹರಡಬೇಕಾಗುತ್ತದೆ. ಹೊಸ ಕಾರುಗಳಲ್ಲಿರುವ ಐಸೋಫಿಕ್ಸ್ ಎಂಬ ಏರ್ಪಾಡು, ಎಂದರೆ 280 ಮಿಲಿಮೀಟರ್ ಅಂತರದಲ್ಲಿ ಬಾಡಿಗೇ ಬೆಸೆದ 6 ಮಿಲಿಮೀಟರ್ ದಪ್ಪದ ಎರಡು ಸರಳುಗಳು, ಅಂಬಾಸಿಡರಿನಲ್ಲಿಲ್ಲ. ಬೀದಿಯ ಗ್ಯಾರೇಜಿನಲ್ಲಿ ಅವನ್ನು ವೆಲ್ಡಿಂಗ್ ಮಾಡಿಸುವ ಸಾಹಸವನ್ನು ನಾನಂತೂ ಅನುಮೋದಿಸಲಾರೆ. ಅದರ ಅಗತ್ಯವೂ ಇಲ್ಲ. ಬೆಲ್ಟಿನಿಂದಲೇ ಕಟ್ಟತಕ್ಕ ಆಸನಗಳು ಬೇಕಾದಷ್ಟಿವೆ. ಮೊಣಕಾಲನ್ನು ಆಸನದ ಮೇಲೂರಿ ಬೆಲ್ಟನ್ನು ಜಗ್ಗಿ ಬಿಗಿದ ಬಳಿಕ, ಬೆಲ್ಟು ಹಾದುಹೋಗುವೆಡೆಯಲ್ಲಿ ಹಿಡಿದು ಅಲುಗಿಸಿದರೆ ಅದು ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಬಕಲ್ಲಿನ ಕಾಂಡ ಉದ್ದವಾಗಿ, ಬಕಲ್ಲು ಆಸನದ ಚೌಕಟ್ಟಿನ ಅಂಚಿಗೇ ಒರಗಿತೋ, ಕೈಗೆ ಬಿಗಿಯೆನಿಸಿದ ಬೆಲ್ಟು ಅಪಘಾತದಲ್ಲಿ ಸಡಿಲವಾಗಬಹುದು, ಬಕಲ್ಲೇ ಬಿಚ್ಚಿಕೊಳ್ಳಲೂಬಹುದು. ಆ ಜೋಡಿ ಕೂಡಿಬಾರದೆಂದು ತಿಳಿದು ಬೇರೆ ಆಸನವನ್ನರಸಬೇಕು.

ಇನ್ನು ಆಸನದ ಬಗೆಯನ್ನು ಮಗುವಿನ ಮೈಯೇ ನಿರ್ಧರಿಸುತ್ತದೆ. ಹಸುಗೂಸಿನ ತಲೆಯೇ ಅದರ ದೇಹದ ಉದ್ದದ ನಾಲ್ಕನೆಯ ಒಂದು ಭಾಗ. ಕತ್ತಿನ ಎಲುಬುಗಳಾದರೋ ಇನ್ನೂ ಅರೆಮೃದು. ಗಗನಯಾತ್ರಿಗಳು ಉಡ್ಡಯನದ ಒತ್ತಡವನ್ನು ಬೆನ್ನಿನಿಂದ ತಾಳಿಕೊಳ್ಳುವ ಭಂಗಿಯಿಂದ ಪ್ರೇರಿತರಾಗಿ ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಹಿಮ್ಮುಖದ ಆಸನವನ್ನು ಕಲ್ಪಿಸಿದರು. ಅದರಲ್ಲಿ ಆಘಾತವು ಕತ್ತೊಂದರ ಮೇಲೆಯೇ ಬೀಳದೆ ಬೆನ್ನಿನಗಲಕ್ಕೂ ಹಂಚಿಹೋಗುತ್ತದೆ. ಸ್ವಲ್ಪ ಬೆಳೆದ ಮಕ್ಕಳಿಗೆ ಬೇರೊಂದು ತೊಡಕು: ಸೊಂಟದೆಲುಬಿನ ಏಣು ಪೂರ್ತಿ ಮೂಡಿರದೆ ಬೆಲ್ಟು ಹೊಟ್ಟೆಯ ಮೇಲಕ್ಕೆ ಜಾರುವುದರಿಂದ, ಅವರನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಬೇಕು.

ಹದಿನಾಲ್ಕರೊಳಗಿನ ಮಗುವಿಗೆ ಬೆಲ್ಟನ್ನಾಗಲಿ ತಕ್ಕ ಆಸನವನ್ನಾಗಲಿ ಒದಗಿಸದಿದ್ದರೆ ನಮ್ಮ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 1000 ರೂಪಾಯಿ ದಂಡವಿದೆ. ಬೆಲ್ಟನ್ನೂ ಆಸನವನ್ನೂ ಹೀಗೆ ಹಳೆಯ ಗಾಡಿಗೆ ಜೋಡಿಸಬಹುದಾದರೂ ಏರ್‌ಬ್ಯಾಗನ್ನು ಮಾತ್ರ ಹೊರಗಿನಿಂದ ತಂದು ಕೂಡಿಸುವಂತಿಲ್ಲ. ಕ್ಷಣದ ಅಲ್ಪಾಂಶದಲ್ಲಿ ಢಿಕ್ಕಿಯನ್ನರಿತು ಅದು ಉಬ್ಬಬೇಕಾದ ಹೊತ್ತನ್ನು ಆಯಾ ಗಾಡಿಯ ಮೂತಿ ಕುಗ್ಗುವ ಬಗೆಗನುಸಾರವಾಗಿಯೇ ನಿಗದಿಪಡಿಸಿರುತ್ತಾರೆ. ಮುಂದಿನ ಸೀಟಿನಲ್ಲಿಟ್ಟ ಹಿಮ್ಮುಖದ ಆಸನಕ್ಕೆ ಏರ್‌ಬ್ಯಾಗೇ ಮಾರಕವಾದ್ದರಿಂದ ಅದಿಲ್ಲದಿರುವುದು ಒಂದು ದೃಷ್ಟಿಯಿಂದ ಅನುಕೂಲವೇ ಸರಿ. ಆದರೂ ಹಳೆಯ ಗಾಡಿಗಳ ಡ್ಯಾಶ್‌ಬೋರ್ಡಿನ ಕಠಿನತೆಯನ್ನು ಬಲ್ಲವರು ಮಗುವನ್ನು ಹಿಂದಿನ ಸೀಟಿನಲ್ಲಿಯೇ ಕೂರಿಸುವರು.