ತೆರೆಯ ಹಿಂದಿನ ಕಕ್ಷಿಗಾರ್ತಿಯರ ವಕೀಲೆ

ಪತಿಯನ್ನು ಕಳೆದುಕೊಂಡ ಜಮೀನ್ದಾರಿಣಿಯೊಬ್ಬಳು ಅಂತಃಪುರದ ತೆರೆಯ ಹಿಂದೆ ಕುಳಿತಿದ್ದಾಳೆ. ಅಪಾರವಾದ ಆಸ್ತಿಗೆ ಆಕೆ ಒಡತಿ. ಆದರೆ ತನ್ನ ಹೆಬ್ಬೆಟ್ಟಿನ ಗುರುತು ಬಿದ್ದ ಪತ್ರದಲ್ಲಿ ಏನು ಬರೆದಿದೆಯೆಂಬುದನ್ನು ಅರಿಯಳು. ಪರಪುರುಷರೊಡನೆ ಮಾತನಾಡುವಂತಿಲ್ಲ, ವಕೀಲರೋ ಎಲ್ಲರೂ ಪುರುಷರೇ. ಆಕೆಯ ಅಳಲನ್ನು ನ್ಯಾಯಾಸನದ ಮುಂದಿಡುವವರಾರು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಭಾರತದ ಎಷ್ಟೋ ಪರ್ದಾನಶೀನ ಸ್ತ್ರೀಯರ ಪಾಡು ಇದೇ ಆಗಿದ್ದಿತು. ಆ ಪ್ರಶ್ನೆಗೆ ತನ್ನ ಬಾಳನ್ನೇ ಉತ್ತರವಾಗಿ ಕೊಟ್ಟವಳು ಕಾರ್ನೀಲಿಯಾ ಸೊರಾಬ್ಜಿ.

೧೮೬೬ರಲ್ಲಿ ನಾಸಿಕದಲ್ಲಿ ಜನಿಸಿದ ಕಾರ್ನೀಲಿಯಾಳ ತಂದೆ, ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತಮತವನ್ನು ಸ್ವೀಕರಿಸಿದವರು. ಹೀಗೆ ಅಲ್ಪಸಂಖ್ಯಾತರಲ್ಲಿಯೂ ಅಲ್ಪಸಂಖ್ಯಾತಳಾದ ಈ ಬಾಲೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾನಿಲಯದ ಪ್ರಥಮ ಮಹಿಳಾ ಪದವೀಧರೆಯಾದಳು. ಪರೀಕ್ಷೆಯ ಫಲಿತಾಂಶ ಆಕೆಯನ್ನು ಇಂಗ್ಲೆಂಡಿಗೆ ಕಳುಹಿಸಬೇಕಾಗಿದ್ದಿತು. ಹೆಣ್ಣೆಂಬ ಕಾರಣಕ್ಕೆ ವಿದ್ಯಾರ್ಥಿವೇತನ ಕೈತಪ್ಪಿತು. ಹಿತೈಷಿಗಳು ಕೂಡಿಸಿದ ಹಣದಿಂದ ೧೮೮೯ರಲ್ಲಿ ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜನ್ನು ಸೇರಿದಳು. ೧೮೯೨ರಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತಳು. ಪದವಿ ಕೈಗೆ ಬಂದುದು ೧೯೨೨ರಲ್ಲಿ, ಮೂವತ್ತು ವರ್ಷಗಳ ತರುವಾಯ!

ತಾಯ್ನಾಡಿಗೆ ಮರಳಿ ಮತ್ತೆರಡು ಕಾನೂನು ಪರೀಕ್ಷೆಗಳನ್ನು ಗೆದ್ದರೂ ನ್ಯಾಯಾಲಯದ ಬಾಗಿಲು ತೆರೆಯಲಿಲ್ಲ. ಕೊನೆಗೆ ೧೯೦೪ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಆಕೆಯನ್ನು ಸಲಹೆಗಾರ್ತಿಯನ್ನಾಗಿ ನೇಮಿಸಿತು. ಅಂದಿನಿಂದ ಸುಮಾರು ಎರಡು ದಶಕಗಳ ಕಾಲ ಆಕೆ ಅಂತಃಪುರಗಳನ್ನು ಹೊಕ್ಕು, ನೂರಾರು ವಿಧವೆಯರ ಹಾಗೂ ಅನಾಥ ಮಕ್ಕಳ ಹಕ್ಕಿಗಾಗಿ ದುಡಿದಳು.

ಈ ದಾರಿಯಲ್ಲಿ ಆಕೆ ಒಂಟಿಯಾಗಿರಲಿಲ್ಲ. ಯಹೂದಿ ತಾಯಿಯ ಮಗಳಾದ ರೆಜಿನಾ ಗುಹಾ ೧೯೧೬ರಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ಕದ ತಟ್ಟಿದಳು. ಕಾನೂನಿನಲ್ಲಿ ಪುಲ್ಲಿಂಗವಾಚಕವು ಸ್ತ್ರೀಯರನ್ನೂ ಒಳಗೊಳ್ಳುತ್ತದೆಂಬ ವಾದ ಫಲಿಸಲಿಲ್ಲ. ಪಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾಳಿಗೆ ದೊರೆತುದೂ ಅದೇ ಉತ್ತರ. ಆದರೆ ೧೯೨೧ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯ ಕಾರ್ನೀಲಿಯಾಳನ್ನು ವಕೀಲಳೆಂದು ಅಂಗೀಕರಿಸಿತು. ೧೯೨೩ರ ಶಾಸನವು ಲಿಂಗದ ಅಡ್ಡಿಯನ್ನು ದೇಶದಾದ್ಯಂತ ತೊಡೆದುಹಾಕಿತು.

ಅಡ್ಡಿ ತೊಲಗಿದ ಮಾತ್ರಕ್ಕೆ ಮೊಕದ್ದಮೆಗಳು ಬಾರವು. ಕಲ್ಕತ್ತೆಯಲ್ಲಿ ವೃತ್ತಿಯನ್ನಾರಂಭಿಸಿದಾಗ ಆಕೆಗೆ ಐವತ್ತೇಳು ದಾಟಿದ್ದಿತು. ಪುರುಷರ ಪೂರ್ವಗ್ರಹದಿಂದಾಗಿ ವಾದಿಸುವ ಅವಕಾಶ ವಿರಳವಾಗಿ, ಅಭಿಪ್ರಾಯಗಳನ್ನು ಬರೆದುಕೊಡುವುದೇ ಬಹುಪಾಲು ಆಕೆಯ ಕೆಲಸವಾಯಿತು. ಬ್ರಿಟಿಷ್ ಆಳ್ವಿಕೆಯ ಪರ ನಿಂತುದರಿಂದ ದೇಶಾಭಿಮಾನಿಗಳ ಪ್ರೀತಿಯೂ ದೂರವಾಯಿತು. ೧೯೫೪ರಲ್ಲಿ ಲಂಡನ್ನಿನಲ್ಲಿ ಆಕೆ ಕಣ್ಮುಚ್ಚಿದಳು.

ಅದಕ್ಕೆ ನಾಲ್ಕು ವರ್ಷ ಮೊದಲು, ೧೯೫೦ರಲ್ಲಿ, ಕೇರಳದ ಮುಸ್ಲಿಂ ತರುಣಿ ಫಾತಿಮಾ ಬೀವಿ ವಕೀಲಳಾಗಿದ್ದಳು. ಸರ್ವೋಚ್ಚ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಾಧೀಶೆಯಾಗಿ ಆಕೆ ಪೀಠವೇರಿದುದು ೧೯೮೯ರಲ್ಲಿ. ಆ ಪೀಠ ಒಬ್ಬ ಮಹಿಳೆಗಾಗಿ ಕಾದುದು ಮೂವತ್ತೊಂಬತ್ತು ವರ್ಷ!

ಶಾಸನವು ಬಾಗಿಲನ್ನು ತೆರೆಯಬಲ್ಲುದು. ಒಳಬಂದವಳ ಕೈಗೆ ನಂಬಿ ಮೊಕದ್ದಮೆಯನ್ನು ಕೊಡಬೇಕಾದವರು ಮಾತ್ರ ನಾವೇ.