ಮಂಡ್ಯದ ಬೆಲ್ಲ, ಪುತ್ತೂರಿನ ಕೋಕೋ: ಮನೆಯ ಚಾಕೊಲೇಟ್ ಕುಕ್ಕಿ ಬಾರ್

ಕೆಲವು ತಿಂಗಳ ಹಿಂದಿನ ಮಾತು. ಮಳವಳ್ಳಿಯಲ್ಲಿ ನಾನು ಪಾಠ ಹೇಳುವ ಮದ್ರಸಕ್ಕೆ ಒಬ್ಬ ಹುಡುಗ ಸ್ಟೀಲ್ ಡಬ್ಬಿ ಹಿಡಿದು ಬಂದ. ಖುರ್‌ಆನ್ ಮೊದಲ ಸಲ ಪೂರ್ತಿ ಓದಿ ಮುಗಿಸಿದ್ದ. ಆ ಖುಷಿಗೆ ಅವನ ಉಮ್ಮ ಮಾಡಿ ಕಳಿಸಿದ ತಿಂಡಿ. ಮುಚ್ಚಳ ತೆಗೆದರೆ ಬರ್ಫಿಯ ಹಾಗೆ ಚೌಕ ಚೌಕವಾಗಿ ಕತ್ತರಿಸಿದ ಚಾಕೊಲೇಟ್ ಕುಕ್ಕಿ. ಮಕ್ಕಳು ಕೈ ಚಾಚುವಷ್ಟರಲ್ಲಿ ಚಿಕ್ಕ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಉಸ್ತಾದ್, ಇದಕ್ಕೆ ಹಾಕಿದ್ದೆಲ್ಲ ಹಲಾಲಾ?"

ಮನೆಯಲ್ಲಿ ಮಾಡಿದ್ದಲ್ವಾ ಮಗಳೇ ಅಂತ ಹೇಳಲು ಹೊರಟವನು ಸುಮ್ಮನಾದೆ. ಮಾಡಿದ್ದು ಮನೆಯಲ್ಲಿ, ನಿಜ. ಆದರೆ ಒಳಗೆ ಬಿದ್ದ ಸಾಮಾನೆಲ್ಲ ಅಂಗಡಿಯದ್ದು. ಡಬ್ಬಿ ಮುಚ್ಚಿಟ್ಟು ಹುಡುಗನ ಮನೆಗೆ ಫೋನ್ ಮಾಡಿದೆ. ಆ ತಾಯಿ ವೆನಿಲಾ ಬಾಟಲಿಯ ಸಣ್ಣ ಅಕ್ಷರ ಓದಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆಲ್ಕೋಹಾಲ್ ಅಂತ ಇದೆ ಉಸ್ತಾದರೇ. ಹಸಿರು ಚುಕ್ಕೆ ನೋಡಿಯೇ ತಗೊಂಡದ್ದು!"

ಇಲ್ಲೇ ನಮ್ಮಲ್ಲಿ ಹಲವರು ಎಡವುವುದು. ಪ್ಯಾಕೆಟಿನ ಮೇಲಿನ ಹಸಿರು ಗುರುತು ಹೇಳುವುದು ಸಸ್ಯಾಹಾರ ಎಂದು ಮಾತ್ರ. ಪ್ರಾಣಿಯ ಎಲುಬು, ಚರ್ಮದಿಂದ ತೆಗೆದ ಜೆಲಾಟಿನ್ ಅದರಲ್ಲಿಲ್ಲ ಎಂಬ ಸಮಾಧಾನ ಅದರಿಂದ ಸಿಗುತ್ತದೆ. ಮದ್ಯಸಾರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ವೆನಿಲಾ ಕಾಯಿಯ ಸತ್ವ ಇಳಿಸಲು ಮದ್ಯಸಾರ ಬಳಸುವುದು ಹಳೆಯ ಪದ್ಧತಿ. ಅದಿಲ್ಲದ ಎಸೆನ್ಸ್ ಕೂಡಾ ಅಂಗಡಿಯಲ್ಲಿ ಸಿಗುತ್ತದೆ. ಬಾಟಲಿ ತಿರುಗಿಸಿ ಓದಬೇಕು, ಅಷ್ಟೆ. ಈ ವಿಷಯದಲ್ಲಿ ಉಲಮಾಗಳ ನಡುವೆ ಚರ್ಚೆ ಇದೆ. ಮಸ್‌ಅಲ ಬೇಕಾದವರು ತಮ್ಮ ಜಮಾಅತಿನ ಖತೀಬರನ್ನು ಕೇಳಿ. ನಾನು ಆ ತಾಯಿಗೆ ಹೇಳಿದ್ದು ಇಷ್ಟೇ: ಸಂಶಯವೇ ಬೇಡ, ಏಲಕ್ಕಿ ಹಾಕಿ.

ಆದರೆ ಅವರ ಕಷ್ಟ ಬೇರೆಯೇ ಇತ್ತು. ನಿಶ್ಚಿತಾರ್ಥದ ಮನೆಯೊಂದರಿಂದ ಅರುವತ್ತು ತುಂಡಿಗೆ ಆರ್ಡರ್ ಬಂದಿತ್ತು. ಅವರ ಮೊದಲ ಆರ್ಡರ್. ಎರಡು ಟ್ರೇ ಆಗಲೇ ಬೆಂದಿತ್ತು. ಹೇಳದೇ ಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ತಾವಾಗಿಯೇ ಆ ಮನೆಗೆ ವಿಷಯ ತಿಳಿಸಿ, ರಾತ್ರಿ ಕೂತು ಅಷ್ಟನ್ನೂ ಹೊಸದಾಗಿ ಮಾಡಿದರು. ಆ ಸಲ ಲಾಭವೇನೂ ಉಳಿಯಲಿಲ್ಲ. ಈಗ ಅದೇ ಮನೆಯವರು ನಾಲ್ಕು ಮನೆಗೆ ಅವರ ಹೆಸರು ಹೇಳಿದ್ದಾರೆ.

ಈ ಕುಕ್ಕಿ ಅಮೆರಿಕದ್ದು. 1930ರ ದಶಕದಲ್ಲಿ ಮ್ಯಾಸಚೂಸೆಟ್ಸಿನ ಟೋಲ್ ಹೌಸ್ ಎಂಬ ಹೋಟೆಲಿನಲ್ಲಿ ರೂತ್ ವೇಕ್‌ಫೀಲ್ಡ್ ಎಂಬ ಮಹಿಳೆ ಮೊದಲು ಮಾಡಿದ್ದು. ಒಂದೊಂದನ್ನೇ ಉಂಡೆ ಕಟ್ಟದೆ ಹಿಟ್ಟನ್ನು ಟ್ರೇಗೆ ಹರವಿ ಬೇಯಿಸಿ ಕತ್ತರಿಸಿದರೆ ಅದೇ ಬಾರ್. ಅದಕ್ಕೆ ಬ್ರೌನ್ ಶುಗರ್ ಬೇಕು ಎನ್ನುತ್ತಾರೆ. ಬ್ರೌನ್ ಶುಗರ್ ಎಂದರೆ ಸಕ್ಕರೆಗೆ ಕಾಕಂಬಿ ಸೇರಿಸಿದ್ದು. ಬೆಲ್ಲದಲ್ಲಿ ಆ ಕಾಕಂಬಿ ಮೊದಲೇ ಇದೆ. ಕನ್ನಂಬಾಡಿ ನೀರು ಹರಿದು ಕಬ್ಬು ಬೆಳೆದ ನಾಡು ಮಂಡ್ಯ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಇಲ್ಲಿಯ ಸಕ್ಕರೆ ಕಂಪನಿ ಶುರುವಾಯಿತು. ಇಲ್ಲಿ ಕೂತು ದುಬಾರಿ ಬ್ರೌನ್ ಶುಗರ್ ಯಾಕೆ?

ಬೆಲ್ಲ ತರುವಾಗಲೂ ಕಣ್ಣು ತೆರೆದಿರಲಿ. ಮದ್ದೂರು ಕಡೆಯ ಆಲೆಮನೆಯೊಂದರ ಯಜಮಾನರು ನನಗೆ ಹೇಳಿದ್ದು: "ಬೆಳ್ಳಗಿರೋದು ನೋಡಕ್ ಚೆಂದ ಕಣಣ್ಣ, ತಿನ್ನಕ್ ಈ ಕರೀದೇ ಸರಿ." ಬಣ್ಣ ತಿಳಿಯಾಗಲಿ ಎಂದು ಕೆಲವರು ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಕಂದು ಬಣ್ಣದ ಬೆಲ್ಲವೇ ಇರಲಿ.

ಚಾಕೊಲೇಟಿನ ಪ್ಯಾಕೆಟಿನಲ್ಲಿ ಕೋಕೋ ಬೆಣ್ಣೆ ಎಂದಿದೆಯೋ ನೋಡಿ. ಅದರ ಬದಲು ಬೇರೆ ಸಸ್ಯದ ಕೊಬ್ಬು ಹಾಕಿದ್ದರೆ ಅದು ಕಾಂಪೌಂಡ್. ಚಿಪ್ಸ್ ಸಿಗದಿದ್ದರೆ ಡಾರ್ಕ್ ಚಾಕೊಲೇಟ್ ಕೊಚ್ಚಿ ಹಾಕಿ. ನಮ್ಮೂರ ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೋಕೋ ಪುತ್ತೂರಿನ ಕ್ಯಾಂಪ್ಕೋ ಕಾರ್ಖಾನೆಯಲ್ಲಿ 1986ರಿಂದ ಚಾಕೊಲೇಟ್ ಆಗುತ್ತಿದೆ.

ಮಾಡುವ ಕ್ರಮ: ಕರಗಿಸಿ ತಣಿಸಿದ ಬೆಣ್ಣೆ 110 ಗ್ರಾಂ, ತುರಿದು ಜರಡಿ ಹಿಡಿದ ಬೆಲ್ಲ 100 ಗ್ರಾಂ, ಸಕ್ಕರೆ 40 ಗ್ರಾಂ ಚೆನ್ನಾಗಿ ಕಲಸಿ. ಒಂದು ಮೊಟ್ಟೆ ಒಡೆದು ಹಾಕಿ, ಏಲಕ್ಕಿ ಪುಡಿ ಸೇರಿಸಿ. 150 ಗ್ರಾಂ ಮೈದಾಕ್ಕೆ ಕಾಲು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಬೆರೆಸಿ ಇದಕ್ಕೆ ಹಾಕಿ. ಹೆಚ್ಚು ನಾದಬೇಡಿ, ಗಟ್ಟಿಯಾಗುತ್ತದೆ. ಕೊನೆಗೆ 120 ಗ್ರಾಂ ಚಾಕೊಲೇಟ್. ಎಂಟು ಇಂಚಿನ ಟ್ರೇಗೆ ಬೆಣ್ಣೆ ಕಾಗದ ಹಾಸಿ ಹರವಿ. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 175 ಡಿಗ್ರಿಗೆ 22ರಿಂದ 25 ನಿಮಿಷ.

ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಒಳಗೆ ಟ್ರೇ ಇಟ್ಟು ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ. ಬೆಲ್ಲದಿಂದ ಬಣ್ಣ ಬೇಗ ಕಪ್ಪಾಗುತ್ತದೆ, ಬಣ್ಣ ನೋಡಿ ಮೋಸ ಹೋಗಬೇಡಿ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟದೆ ಒದ್ದೆ ಪುಡಿ ಮಾತ್ರ ಬಂದರೆ ಸಾಕು. ಪೂರ್ತಿ ತಣಿದ ಮೇಲೆಯೇ ಕತ್ತರಿಸಿ, ಹದಿನಾರು ತುಂಡು ಬರುತ್ತದೆ. ಬಿಸಿಯಲ್ಲಿ ಕತ್ತರಿಸಿದರೆ ಎಲ್ಲ ಪುಡಿ. ಮತ್ತೆ, ಬೆಲ್ಲ ಅಂತ ಹೇಳಿ ಸಕ್ಕರೆ ಕಾಯಿಲೆಯವರಿಗೆ ಕೊಡಬೇಡಿ. ಅವರಿಗೆ ಎರಡೂ ಒಂದೇ.

ಮಾರುವ ಸಹೋದರಿಯರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಮೊಟ್ಟೆ ಹಾಕಿದ್ದರೆ ಹೇಳಿ. ಕಾಂಪೌಂಡ್ ಹಾಕಿ ಚಾಕೊಲೇಟ್ ಅನ್ನಬೇಡಿ. ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲೆಂದೇ ಖುರ್‌ಆನಿನಲ್ಲಿ ಮುತಫ್ಫಿಫೀನ್ ಎಂಬ ಸೂರಃ ಇದೆ ಎಂಬುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ತಿನ್ನುವವರ ನಂಬಿಕೆ ನಮ್ಮ ಕೈಯಲ್ಲಿರುವ ಅಮಾನತ್.

ಮರುವಾರ ಹುಡುಗ ಮತ್ತೆ ಡಬ್ಬಿ ತಂದ. ಮುಚ್ಚಳ ತೆಗೆದ ಕೂಡಲೇ ಏಲಕ್ಕಿಯ ಪರಿಮಳ. ಈ ಸಲ ಮೊದಲ ತುಂಡನ್ನು ಆ ಚಿಕ್ಕ ಹುಡುಗಿಗೇ ಕೊಡಿಸಿದೆ. "ಬಿಸ್ಮಿಲ್ಲಾ" ಹೇಳಿ ತಿಂದವಳು ಇನ್ನೊಂದಕ್ಕೆ ಕೈ ಚಾಚಿದಳು.